ಜಾನ್ ವೆಸ್ಲಿಯ ಜೀವನದಲ್ಲಿ ನಂಬಿಕೆ ಮತ್ತು ಸಂಶಯ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಚರಿತ್ರೆಯನ್ನು ಬೋಧಿಸುವಾಗ ಮೆಥಡಿಸ್ಟ್ ಚಳವಳಿಯ ಪ್ರಸ್ತಾಪ ಬಂದೊಡನೆ 1738ನೆಯ ಇಸವಿಯ ಮೇ 24ನೆಯ ದಿನಾಂಕವನ್ನು ಹೇಳಿ ಮುಂದೆ ಸಾಗುವುದು ಅಧ್ಯಾಪಕರಾದ ನಮ್ಮಲ್ಲಿ ಅನೇಕರ ವಾಡಿಕೆ. ಆ ದಿನ ಸಂಜೆ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಸಭೆಯಲ್ಲಿ, ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಗೆ ಲೂಥರನು ರಚಿಸಿದ ಪೀಠಿಕೆಯನ್ನು ಒಬ್ಬರು ಓದುತ್ತಿದ್ದಾಗ, ಜಾನ್ ವೆಸ್ಲಿಯ ಸಂಶಯವೆಲ್ಲ ಅಳಿದು ನಂಬಿಕೆಯು ನೆಲೆಗೊಂಡಿತೆಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಈ ಚಿತ್ರವು ಪೂರ್ತಿಯಾಗಿ ತಪ್ಪೆಂದು ಹೇಳಲಾಗದು. ಆದರೆ ವೆಸ್ಲಿಯು ಬಿಟ್ಟುಹೋದ ಬರಹಗಳನ್ನು ಕಾಲಾನುಕ್ರಮದಲ್ಲಿ ಓದಿದವರಿಗೆ ಅದು ಸಾಲದೆಂದು ತೋರದಿರದು. ಸಂಶಯವು ಆತನನ್ನು ಬಿಟ್ಟುಹೋಗಲಿಲ್ಲ. ಸಂಶಯವುಳ್ಳವನಿಗೂ ಸಭೆಯಲ್ಲಿ ಸ್ಥಾನವುಂಟೆಂಬ ನಿರ್ಣಯಕ್ಕೆ ಆತನು ಬಂದನು. ಮೆಥಡಿಸಮ್ಮಿನ ಸ್ವರೂಪವನ್ನು ರೂಪಿಸುವಲ್ಲಿ ಆ ನಿರ್ಣಯಕ್ಕೆ ದೊಡ್ಡ ಪಾಲಿದೆಯೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವೆಸ್ಲಿಯು 1703ರಲ್ಲಿ ಲಿಂಕನ್‌ಷೈರಿನ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮಗನಾಗಿ ಜನಿಸಿದನು. ಆಕ್ಸ್‌ಫರ್ಡಿನಲ್ಲಿ ಕಲಿತು, 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಫೆಲೋ ಆಗಿ, 1728ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದನು. ಉಪವಾಸ, ಪ್ರಾರ್ಥನೆ, ಸೆರೆಮನೆಯವರ ಸಂದರ್ಶನ ಇವುಗಳಲ್ಲಿ ಆತನ ನಿಷ್ಠೆಯು ಪರಿಹಾಸ್ಯಕ್ಕೆ ಗುರಿಯಾಗುವಷ್ಟು ಕಠಿನವಾಗಿತ್ತು. ಇಂಥವನು 1735ರಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹಡಗನ್ನೇರಿದನು. 1736ರ ಜನವರಿಯಲ್ಲಿ ನಡುಗಡಲಿನಲ್ಲಿ ಬಿರುಗಾಳಿ ಎದ್ದಾಗ, ಇಂಗ್ಲಿಷ್ ಪ್ರಯಾಣಿಕರು ಚೀರಾಡುತ್ತಿದ್ದರೂ, ಮೊರೇವಿಯನ್ ಪಂಥದ ಜರ್ಮನರು ಮಾತ್ರ ಹೆಂಗಸರು ಮಕ್ಕಳಾದಿಯಾಗಿ ಶಾಂತರಾಗಿ ಕೀರ್ತನೆಯನ್ನು ಹಾಡುತ್ತಿದ್ದುದನ್ನು ಆತನು ಕಂಡನು. ಸಾವಿನ ಭಯವು ತನ್ನನ್ನು ಬಿಟ್ಟಿಲ್ಲವೆಂಬ ಅರಿವು ಆತನನ್ನು ಕಲಕಿತು. ಎರಡು ವರ್ಷಗಳ ತರುವಾಯ ಸ್ವದೇಶಕ್ಕೆ ಮರಳುವಾಗ, ಪರರನ್ನು ಪರಿವರ್ತಿಸಲು ಹೋದ ತನ್ನನ್ನೇ ಪರಿವರ್ತಿಸುವವರು ಯಾರೆಂಬ ಅರ್ಥದ ಪ್ರಶ್ನೆಯನ್ನು ಆತನು ದಿನಚರಿಯಲ್ಲಿ ಬರೆದಿಟ್ಟನು.

1738ರ ಫೆಬ್ರವರಿಯಲ್ಲಿ ಪೀಟರ್ ಬೋಲರ್ ಎಂಬ ತರುಣ ಮೊರೇವಿಯನ್ ಬೋಧಕನ ಪರಿಚಯವಾಯಿತು. ತನಗೆ ನಂಬಿಕೆಯಿಲ್ಲವೆಂದು ಮನವರಿಕೆಯಾದ ಮೇಲೆ ವೆಸ್ಲಿಯು ಉಪದೇಶವನ್ನೇ ನಿಲ್ಲಿಸುವ ಯೋಚನೆ ಮಾಡಿದನು. ಬೋಲರನು ಅದಕ್ಕೊಪ್ಪದೆ, ನಂಬಿಕೆ ದೊರೆಯುವವರೆಗೂ ಅದನ್ನೇ ಉಪದೇಶಿಸು, ದೊರೆತ ಮೇಲೆ ದೊರೆತದ್ದರಿಂದಲೇ ಉಪದೇಶಿಸುವೆ ಎಂಬ ತಾತ್ಪರ್ಯದ ಸಲಹೆಯನ್ನು ಕೊಟ್ಟನು. ಮರುದಿನವೇ ವೆಸ್ಲಿಯು ಮರಣದಂಡನೆಗೆ ಗುರಿಯಾದ ಒಬ್ಬ ಸೆರೆಯಾಳಿಗೆ ನಂಬಿಕೆಯಿಂದ ರಕ್ಷಣೆಯೆಂಬ ತತ್ತ್ವವನ್ನು ಬೋಧಿಸಿದನು. ಇದನ್ನು ಆತ್ಮವಂಚನೆಯೆಂದು ಕರೆಯಬಹುದೇ? ತನ್ನ ಕೊರತೆಯನ್ನು ಆತನು ಮರೆಮಾಚದೆ ಬರೆದು ಅಚ್ಚು ಹಾಕಿಸಿದನೆಂಬುದನ್ನು ನೆನೆದರೆ ಹಾಗೆನ್ನುವುದು ನ್ಯಾಯವೆನಿಸದು.

ಇನ್ನು ಮೇ 24ರ ಅನುಭವದ ವಿಷಯ. ಆ ಸಂಜೆಯ ವರ್ಣನೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಬೆನ್ನಿಗೇ ಬರುವ ವಾಕ್ಯಗಳನ್ನು ಗಮನಿಸುವವರು ಕಡಮೆ. ಆನಂದವೆಲ್ಲಿ, ಇದು ನಂಬಿಕೆಯಾಗಿರಲಾರದು, ಎಂಬ ಶಂಕೆ ಅಲ್ಲಿಯೇ ತಲೆಯೆತ್ತಿತೆಂದೂ, ಮನೆಗೆ ಮರಳಿದ ಮೇಲೆಯೂ ಶೋಧನೆಗಳು ಕಾಡಿದುವೆಂದೂ ವೆಸ್ಲಿಯೇ ಬರೆದಿದ್ದಾನೆ. ಅದೇ ಬೇಸಿಗೆಯಲ್ಲಿ ಜರ್ಮನಿಯ ಹೆರ್ನ್‌ಹೂಟಿಗೆ ಹೋದಾಗ, ಕ್ರಿಶ್ಚಿಯನ್ ಡೇವಿಡ್ ಎಂಬ ಮೊರೇವಿಯನ್ ಮುಖಂಡನು ನಂಬಿಕೆಯಲ್ಲಿ ದುರ್ಬಲರಾದವರ ಸ್ಥಿತಿಯನ್ನು ಕುರಿತು ಮಾಡಿದ ಉಪದೇಶಗಳನ್ನು ಆತನು ಆಸಕ್ತಿಯಿಂದ ಕೇಳಿದನು. ಆದರೂ 1739ರ ಜನವರಿ 4ರ ಬರಹದಲ್ಲಿ, ತಾನು ಈಗಲೂ ಕ್ರೈಸ್ತನಲ್ಲವೆಂದು ನಿಸ್ಸಂಕೋಚವಾಗಿ ಹೇಳಿಕೊಂಡನು. ಆಲ್ಡರ್ಸ್‌ಗೇಟಿನ ಅನುಭವವಾಗಿ ಆಗ ಎಂಟು ತಿಂಗಳೂ ತುಂಬಿರಲಿಲ್ಲ.

ಇದುವರೆಗೆ ವೈಯಕ್ತಿಕವಾಗಿದ್ದ ಪ್ರಶ್ನೆಯು 1739ರ ಕೊನೆಯಲ್ಲಿ ಸಾರ್ವಜನಿಕ ವಿವಾದವಾಯಿತು. ಲಂಡನಿನ ಫೆಟರ್ ಲೇನ್ ಸಂಘಕ್ಕೆ ಬಂದ ಫಿಲಿಪ್ ಮೋಲ್ಟರ್ ಎಂಬ ಮೊರೇವಿಯನ್ ಬೋಧಕನು, ನಂಬಿಕೆಯಲ್ಲಿ ತರತಮಗಳಿಲ್ಲ. ಸಂಶಯವಾಗಲಿ ಭಯವಾಗಲಿ ಲೇಶಮಾತ್ರ ಉಳಿದವನಿಗೆ ನಂಬಿಕೆಯೇ ಇಲ್ಲ. ಅಂಥವನು ಕರ್ತನ ಭೋಜನವನ್ನೂ ಇತರ ಸಾಧನಗಳನ್ನೂ ಬಿಟ್ಟು ಸುಮ್ಮನೆ ಕಾದಿರಬೇಕು ಎಂದು ಬೋಧಿಸಿದನು. ಈ ವಾದದಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಬಾಹ್ಯಾಚಾರವನ್ನೇ ನಂಬಿಕೆಯೆಂದು ಭ್ರಮಿಸುವ ಅಪಾಯವನ್ನು ವೆಸ್ಲಿಯು ತನ್ನ ಆಕ್ಸ್‌ಫರ್ಡಿನ ವರ್ಷಗಳಿಂದಲೇ ಬಲ್ಲವನಾಗಿದ್ದನು. ಆದರೆ ಆ ಬೋಧೆಯ ಫಲವಾಗಿ, ನಿನ್ನೆಯವರೆಗೆ ಸಮಾಧಾನದಿಂದಿದ್ದವರು ತಮಗೆ ನಂಬಿಕೆಯೇ ಇರಲಿಲ್ಲವೆಂದು ತಿಳಿದು ಪ್ರಾರ್ಥನೆಯನ್ನೂ ಭೋಜನವನ್ನೂ ತೊರೆಯುತ್ತಿದ್ದುದನ್ನು ಆತನು ಕಣ್ಣಾರೆ ಕಂಡನು. 1740ರ ಜೂನಿನಲ್ಲಿ ಆತನು ಇದಕ್ಕೆ ಉತ್ತರವಾಗಿ ಉಪದೇಶಿಸಿದನು: ಯೇಸುವಿನ ಶಿಷ್ಯರು ಮೊದಲ ಬಾರಿ ಆ ಭೋಜನದಲ್ಲಿ ಪಾಲುಗೊಂಡಾಗ ಅವರ ನಂಬಿಕೆ ಪೂರ್ಣವಾಗಿರಲಿಲ್ಲ, ನಂಬಿಕೆ ಇನ್ನೂ ಹುಟ್ಟದವನಿಗೆ ಅದನ್ನು ಹುಟ್ಟಿಸುವ ಸಾಧನವೂ ಆ ಭೋಜನವೇ. ಜುಲೈ 20ರಂದು ತನ್ನ ಆಕ್ಷೇಪಗಳನ್ನು ಓದಿ ಹೇಳಿ ಸಂಘದಿಂದ ಹೊರನಡೆದನು. ಅಂದು ಆತನೊಡನೆ ಎದ್ದು ಬಂದವರು ಹದಿನೆಂಟು ಹತ್ತೊಂಬತ್ತು ಮಂದಿ.

ಈ ಒಡಕಿನ ಪರಿಣಾಮವನ್ನು 1743ರಲ್ಲಿ ಪ್ರಕಟವಾದ ಸಂಘದ ಸಾಮಾನ್ಯ ನಿಯಮಗಳಲ್ಲಿ ಕಾಣಬಹುದು. ಸಂಘವನ್ನು ಸೇರಲು ಅಲ್ಲಿ ವಿಧಿಸಿದ ಷರತ್ತು ಒಂದೇ: ಮುಂದೆ ಬರಲಿರುವ ದೈವಕೋಪದಿಂದಲೂ ಪಾಪಗಳಿಂದಲೂ ಪಾರಾಗಬೇಕೆಂಬ ಅಪೇಕ್ಷೆ. ನಿಶ್ಚಿತವಾದ ನಂಬಿಕೆಯನ್ನಾಗಲಿ, ಅನುಭವದ ಸಾಕ್ಷ್ಯವನ್ನಾಗಲಿ ಪ್ರವೇಶಕ್ಕೆ ಕೇಳಲಿಲ್ಲ. ಹೊರಹಾಕುವುದಿದ್ದರೆ ನಡತೆಗಾಗಿ, ಸಂಶಯಕ್ಕಾಗಿ ಅಲ್ಲ. ಚಳವಳಿಯು ಗಣಿಗಾರರಲ್ಲಿಯೂ ಕುಶಲಕರ್ಮಿಗಳಲ್ಲಿಯೂ ಹಬ್ಬಲು ಕಾರಣಗಳು ಹಲವು. ಬಾಗಿಲನ್ನು ಇಷ್ಟು ಅಗಲವಾಗಿ ತೆರೆದಿಟ್ಟುದನ್ನೂ ಅವುಗಳಲ್ಲಿ ಎಣಿಸುವುದು ಯುಕ್ತ. 1747ರಲ್ಲಿ ತಮ್ಮನಾದ ಚಾರ್ಲ್ಸನಿಗೆ ಬರೆದ ಪತ್ರದಲ್ಲಿ, ಕ್ಷಮೆ ದೊರೆತಿದೆಯೆಂಬ ಅರಿವೂ ರಕ್ಷಿಸುವ ನಂಬಿಕೆಯೂ ಒಂದೇ ಅಲ್ಲವೆಂದು ವೆಸ್ಲಿಯು ವಾದಿಸಿದನು.

ಎಲ್ಲಕ್ಕಿಂತ ಗಂಭೀರವಾದ ಆಧಾರವು 1766ರ ಜೂನ್ 27ರಂದು ಚಾರ್ಲ್ಸನಿಗೇ ಬರೆದ ಇನ್ನೊಂದು ಪತ್ರ. ಆಗ ವೆಸ್ಲಿಗೆ ಅರವತ್ತಮೂರು ವರ್ಷ. ಸಾವಿರಾರು ಜನರಿಗೆ ಆತನು ಗುರು. ಕೆಲವು ಮಾತುಗಳನ್ನು ಶೀಘ್ರಲಿಪಿಯಲ್ಲಿ ಮರೆಸಿ ಬರೆದ ಈ ಪತ್ರದಲ್ಲಿ, ತಾನು ದೇವರನ್ನು ಪ್ರೀತಿಸುತ್ತಿಲ್ಲವೆಂದೂ, ಎಂದೂ ಪ್ರೀತಿಸಲಿಲ್ಲವೆಂದೂ, ಕ್ರೈಸ್ತ ಅರ್ಥದಲ್ಲಿ ಎಂದೂ ನಂಬಿದವನಲ್ಲವೆಂದೂ ಆತನು ಒಪ್ಪಿಕೊಂಡನು. ತನಗೆ ಭಯವೇನಾದರೂ ಇದ್ದರೆ ಅದು ನರಕದ ಭಯವಲ್ಲ, ಶೂನ್ಯದಲ್ಲಿ ಲಯವಾಗುವ ಭಯ ಎಂದನು. ಆದರೆ ಅದೇ ಪತ್ರದಲ್ಲಿ, ತಾನು ಈಗ ಉಪದೇಶಿಸುತ್ತಿರುವುದನ್ನಲ್ಲದೆ ಬೇರೊಂದನ್ನು ಉಪದೇಶಿಸಲಾರೆನೆಂದೂ, ಉತ್ಸಾಹವು ಕುಂದಿಲ್ಲವೆಂದೂ ಸೇರಿಸಿದನು. ಇದನ್ನು ಒಂದು ದಿನದ ಮನಃಕ್ಲೇಶವೆಂದು ತಳ್ಳಿಹಾಕುವವರುಂಟು. 1738ರ ಅನುಭವವನ್ನೇ ಇದರ ಬಲದಿಂದ ಅಲ್ಲಗಳೆಯುವವರೂ ಉಂಟು. ಎರಡೂ ಅತಿಯೆಂದು ನಮಗೆ ತೋರುತ್ತದೆ. ಈ ಪತ್ರವನ್ನು ಬರೆದ ಕೈಯೇ ಬಳಿಕ ಇಪ್ಪತ್ತನಾಲ್ಕು ವರ್ಷಗಳಿಗೂ ಮಿಕ್ಕಿ, 1791ರ ಮಾರ್ಚ್ 2ರ ಮರಣದ ಸಮೀಪದವರೆಗೂ, ಚಳವಳಿಯನ್ನು ನಡೆಸಿತು.

ತನ್ನ ಹಿಂದಿನ ತೀರ್ಪುಗಳನ್ನೂ ಆತನು ತಿದ್ದಿಕೊಂಡನು. ಕೃತಿಗಳ ಸಂಗ್ರಹವು 1774ರಲ್ಲಿ ಮುದ್ರಣವಾದಾಗ, ಜಾರ್ಜಿಯಾದಿಂದ ಮರಳುವ ಕಾಲದಲ್ಲಿ ತನಗೆ ನಂಬಿಕೆಯೇ ಇರಲಿಲ್ಲವೆಂಬ ಹಳೆಯ ಮಾತಿಗೆ ಟಿಪ್ಪಣಿ ಬರೆದು, ಆಗಲೂ ದಾಸನ ನಂಬಿಕೆಯಿತ್ತು, ಪುತ್ರನ ನಂಬಿಕೆ ಮಾತ್ರ ಇರಲಿಲ್ಲ ಎಂಬ ವಿವೇಚನೆಯನ್ನು ಮಾಡಿದನು. 1788ರ ಒಂದು ಉಪದೇಶದಲ್ಲಿಯೂ ಇದೇ ಭೇದವನ್ನು ವಿಸ್ತರಿಸಿದನು. ಮೂವತ್ತೈದರ ವಯಸ್ಸಿನವನು ಕಂಡ ಕತ್ತಲೆಯಲ್ಲಿ ಎಪ್ಪತ್ತರ ವೃದ್ಧನು ಮಸುಕಾದ ಬೆಳಕನ್ನು ಗುರುತಿಸಿದನೆನ್ನಬಹುದು.

ವೆಸ್ಲಿಯ ಹೆಸರು ನಮ್ಮ ನಾಡಿಗೆ ಅಪರಿಚಿತವಲ್ಲ. ವೆಸ್ಲಿಯನ್ ಮಿಷನ್ನು 1821ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿ ಅದು ಸ್ಥಾಪಿಸಿದ ಮುದ್ರಣಾಲಯದಿಂದ ಕನ್ನಡಕ್ಕೆ ಆದ ಉಪಕಾರವನ್ನು ಭಾಷಾಭ್ಯಾಸಿಗಳು ಬಲ್ಲರು. ಆ ಮಿಷನ್ನಿನ ಕಾಗದಪತ್ರಗಳನ್ನು ಪರಿಶೀಲಿಸಬಯಸುವ ವಿದ್ಯಾರ್ಥಿಗಳಿಗೆ ಮೂಲಪುರುಷನ ಈ ಉದಾಹರಣೆಯು ಒಂದು ಎಚ್ಚರಿಕೆ. ಅಚ್ಚಾದ ದಿನಚರಿ ಒಂದನ್ನು ಹೇಳಿದರೆ, ಸೋದರನಿಗೆ ಬರೆದ ಪತ್ರ ಮತ್ತೊಂದನ್ನು ಹೇಳುತ್ತದೆ. ಒಂದು ಸುಳ್ಳು, ಇನ್ನೊಂದು ನಿಜ ಎಂದು ವಿಂಗಡಿಸುವ ಅವಸರ ಸಲ್ಲದು. ಮತಾಂತರದ ದಿನಾಂಕವನ್ನು ಗುರುತಿಸುವುದು ಸುಲಭ. ಆ ದಿನಾಂಕದ ಮುಂದಿನ ಬೆಳಗ್ಗೆಯೂ ಆ ಮನುಷ್ಯನು ಎದ್ದು ತನ್ನ ಸಂಶಯಗಳೊಡನೆಯೇ ಕೆಲಸಕ್ಕೆ ಹೊರಟನೆಂಬುದನ್ನು ನಮ್ಮ ಪಾಠಗಳಲ್ಲಿ ಸೇರಿಸುವುದು ಇತಿಹಾಸಕ್ಕೆ ಸಲ್ಲಿಸಬೇಕಾದ ನ್ಯಾಯ.