ಲಾರಿಯ ಸ್ಟೀರಿಂಗ್ ಗೇರ್ ಬಾಕ್ಸ್: ಬದಲಾಯಿಸಿದ ನಂತರದ ದೋಷಗಳ ಪತ್ತೆ

ಸ್ಟೀರಿಂಗ್ ಗೇರ್ ಬಾಕ್ಸ್ ಎಂದರೆ ಚಾಲಕನ ಕೈಯಲ್ಲಿರುವ ಸ್ಟೀರಿಂಗಿನ ಚಲನೆಯನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಘಟಕ. ಸವೆದ ಅಥವಾ ಎಣ್ಣೆ ಸೋರುವ ಬಾಕ್ಸ್ ತೆಗೆದು ಹೊಸದನ್ನು ಕೂರಿಸಿದ ಮೇಲೂ ಸ್ಟೀರಿಂಗ್ ಬಿಗಿಯಾಗುವುದು, ಪ್ಲೇ (ಗಾಲಿ ತಿರುಗದೆ ಸ್ಟೀರಿಂಗ್ ಮಾತ್ರ ಆಡುವ ಸಡಿಲ) ಉಳಿಯುವುದು, ಗಾಡಿ ಒಂದು ಪಕ್ಕಕ್ಕೆ ಎಳೆಯುವುದು ಉಂಟು. ಆಗ ಹೊಸ ಬಾಕ್ಸನ್ನು ಬಿಚ್ಚುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು: ಎಣ್ಣೆಯಲ್ಲಿ ಉಳಿದ ಗಾಳಿ, ಮಧ್ಯಸ್ಥಾನ ತಪ್ಪಿದ ಜೋಡಣೆ ಮತ್ತು ಮೊದಲೇ ಸವೆದಿದ್ದ ಹಳೆಯ ಕೀಲುಗಳು.

ರಚನೆ

ಭಾರಿ ಲಾರಿಗಳಲ್ಲಿ ರೀಸರ್ಕ್ಯುಲೇಟಿಂಗ್ ಬಾಲ್ ಮಾದರಿಯ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ವ್ಯಾಪಕವಾಗಿ ಬಳಕೆಯಲ್ಲಿದೆ. ವರ್ಮ್ ಶಾಫ್ಟ್ ತಿರುಗಿದಾಗ ಉಕ್ಕಿನ ಗುಂಡುಗಳ ಮೇಲೆ ಸರಿಯುವ ಬಾಲ್ ನಟ್ ಸೆಕ್ಟರ್ ಶಾಫ್ಟನ್ನು ಹೊರಳಿಸುತ್ತದೆ. ಈ ನಟ್ಟೇ ಹೈಡ್ರಾಲಿಕ್ ಪಿಸ್ಟನ್ ಕೂಡ. ಸೆಕ್ಟರ್ ಶಾಫ್ಟಿನ ತುದಿಯ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕಿನ ಮೂಲಕ ಒಂದು ಗಾಲಿಯನ್ನು ತಿರುಗಿಸುತ್ತದೆ. ಟೈರಾಡ್ ಆ ಚಲನೆಯನ್ನು ಇನ್ನೊಂದು ಗಾಲಿಗೆ ಒಯ್ಯುತ್ತದೆ. ಗಾಲಿಗಳು ಪೂರ್ತಿ ಹೊರಳುವ ಹಂತದಲ್ಲಿ ಪಾಪೆಟ್ ವಾಲ್ವ್‌ಗಳು ಎಣ್ಣೆಯ ಒತ್ತಡವನ್ನು ಇಳಿಸುತ್ತವೆ.

ಮಧ್ಯಸ್ಥಾನ

ಗಾಲಿ ನೇರವಿದ್ದಾಗ ಬಾಕ್ಸ್ ಕೂಡ ತನ್ನ ಮಧ್ಯದಲ್ಲೇ ಇರಬೇಕು. ಇನ್‌ಪುಟ್ ಶಾಫ್ಟ್, ಸೆಕ್ಟರ್ ಶಾಫ್ಟ್, ಡ್ರಾಪ್ ಆರ್ಮ್ ಇವುಗಳ ಮೇಲಿನ ಗುರುತುಗಳು ಇದಕ್ಕಾಗಿಯೇ ಇವೆ. ಡ್ರಾಪ್ ಆರ್ಮ್ ಒಂದು ಹಲ್ಲು ತಪ್ಪಿ ಕೂತರೂ ಸ್ಟೀರಿಂಗ್ ಓರೆಯಾಗುತ್ತದೆ, ಎಡಕ್ಕೂ ಬಲಕ್ಕೂ ಸಿಗುವ ತಿರುವು ಸಮನಾಗಿರುವುದಿಲ್ಲ, ಪಾಪೆಟ್ ವಾಲ್ವ್‌ಗಳು ಸರಿಯಾದ ಜಾಗದಲ್ಲಿ ತೆರೆಯುವುದಿಲ್ಲ. ಸ್ಟೀರಿಂಗ್ ಚಕ್ರವನ್ನಷ್ಟೇ ಕಳಚಿ ನೇರಮಾಡಿ ಹಾಕಿದರೆ ಈ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಗುರುತುಗಳನ್ನು ಕೂಡಿಸಿ, ಉಳಿದ ವ್ಯತ್ಯಾಸವನ್ನು ಡ್ರ್ಯಾಗ್ ಲಿಂಕಿನ ಉದ್ದದಲ್ಲಿ ಸರಿಪಡಿಸುವುದೇ ಸರಿಯಾದ ಕ್ರಮ.

ಬಿಗಿ ಸ್ಟೀರಿಂಗ್

ಎರಡೂ ಕಡೆಗೆ ಬಿಗಿಯಿದ್ದರೆ ಮೊದಲು ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದು ನೋಡಬೇಕು. ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಗಟ್ಟಿದ್ದು ಪಂಪ್ ಗುರುಗುಟ್ಟುತ್ತಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಎಂಜಿನ್ ನಿಧಾನ ಓಟದಲ್ಲಿರುವಾಗ ಸ್ಟೀರಿಂಗನ್ನು ತಿರುವಿನ ತುದಿಗೆ (ಲಾಕಿಗೆ) ತಾಗಿಸದೆ ಆಚೀಚೆ ತಿರುಗಿಸುತ್ತ, ಗುಳ್ಳೆ ನಿಲ್ಲುವವರೆಗೆ ತಯಾರಕರು ಹೇಳಿದ ಎಣ್ಣೆಯನ್ನೇ ತುಂಬುತ್ತ ಹೋಗಬೇಕು.

ಗಾಳಿ ಹೋದರೂ ಬಿಗಿ ಉಳಿದರೆ ಡ್ರ್ಯಾಗ್ ಲಿಂಕ್ ಕಳಚಿ ಪರೀಕ್ಷಿಸಬೇಕು. ಆಗ ಸ್ಟೀರಿಂಗ್ ಸಲೀಸಾಗಿ ತಿರುಗಿದರೆ ಬಿಗಿ ಇರುವುದು ಗಾಲಿ ಹೊರಳುವ ಅಚ್ಚಾದ, ಗ್ರೀಸ್ ಕಾಣದ ಕಿಂಗ್ ಪಿನ್‌ನಲ್ಲಿ ಅಥವಾ ಅದರ ಬೇರಿಂಗಿನಲ್ಲಿ. ಆಗಲೂ ಬಿಗಿಯಿದ್ದರೆ ಕಾಲಮ್ಮಿನ ಯೂನಿವರ್ಸಲ್ ಜಾಯಿಂಟನ್ನೂ ಬಾಕ್ಸನ್ನೂ ನೋಡಬೇಕು. ಪಂಪಿನ ಒತ್ತಡವನ್ನು ಗೇಜ್ ಹಾಕಿ ಅಳೆಯುವಾಗ ಎಣ್ಣೆಯ ದಾರಿಯನ್ನು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಚ್ಚಬಾರದು. ಎಣ್ಣೆ ಕಾದು ಪಂಪ್ ಕೆಡುತ್ತದೆ. ಪಂಪಿನ ಒತ್ತಡ ಸರಿಯಿದ್ದೂ ಬಲ ಸಾಲದಿದ್ದರೆ ಬಾಕ್ಸಿನ ಒಳಸೋರಿಕೆಯನ್ನು ಪರೀಕ್ಷಿಸಬೇಕು.

ಪ್ಲೇ

ಎಂಜಿನ್ ಓಡುತ್ತಿರುವಾಗ, ಗಾಲಿಗಳಿಗೆ ಅಡೆ ಕೊಟ್ಟು, ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಆಚೀಚೆ ಅಲ್ಲಾಡಿಸಬೇಕು. ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ಗಮನಿಸಬೇಕು. ಬಾಕ್ಸಿನ ಮೈಯೇ ಚಾಸಿಯ ಮೇಲೆ ಕದಲಿದರೆ ಬೋಲ್ಟ್‌ಗಳು ಸಡಿಲ. ಡ್ರಾಪ್ ಆರ್ಮ್ ಅಲುಗಿದರೂ ಡ್ರ್ಯಾಗ್ ಲಿಂಕ್ ಅಲುಗದಿದ್ದರೆ ನಡುವಿನ ಬಾಲ್ ಜಾಯಿಂಟ್ ಸವೆದಿದೆ. ಇನ್‌ಪುಟ್ ಶಾಫ್ಟ್ ತಿರುಗಿದರೂ ಡ್ರಾಪ್ ಆರ್ಮ್ ನಿಂತೇ ಇದ್ದರೆ ಮಾತ್ರ ದೋಷ ಬಾಕ್ಸಿನದು. ಪ್ಲೇ ತೆಗೆಯಲೆಂದು ಸೆಕ್ಟರ್ ಶಾಫ್ಟಿನ ಸ್ಕ್ರೂವನ್ನು ಅಂದಾಜಿನಲ್ಲಿ ಬಿಗಿಮಾಡುವುದು ಅಪಾಯಕರ: ಸ್ಟೀರಿಂಗ್ ಮಧ್ಯದಲ್ಲಿ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ.

ಒಂದು ಪಕ್ಕಕ್ಕೆ ಎಳೆತ

ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್, ಆ್ಯಕ್ಸಲ್ ಮತ್ತು ಸ್ಪ್ರಿಂಗ್ ಪ್ಲೇಟುಗಳ ಜೋಡಣೆ ಮೊದಲು ನೋಡಬೇಕಾದವು. ಮುಂಭಾಗ ಎತ್ತಿ ಎಂಜಿನ್ ಚಾಲೂ ಮಾಡಿದಾಗ, ಕೈ ಮುಟ್ಟದೆಯೇ ಸ್ಟೀರಿಂಗ್ ತಿರುಗಿದರೆ ಬಾಕ್ಸಿನೊಳಗಿನ ವಾಲ್ವಿನ ಸಮತೋಲ ತಪ್ಪಿರುವ ಸಾಧ್ಯತೆ ಹೆಚ್ಚು. ಅಂಥ ಬಾಕ್ಸ್ ಇರುವ ಲಾರಿಯನ್ನು ರಸ್ತೆಗೆ ಇಳಿಸಲೇಬಾರದು.

ಸುರಕ್ಷತೆ

ಡ್ರಾಪ್ ಆರ್ಮನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು; ಸುತ್ತಿಗೆ ಏಟು ಬಾಕ್ಸಿನ ಒಳಭಾಗಕ್ಕೆ ಪೆಟ್ಟು ಮಾಡುತ್ತದೆ. ಬಾಗಿದ ಆರ್ಮನ್ನು ಕಾಯಿಸಿ ನೇರಮಾಡುವುದಾಗಲಿ ವೆಲ್ಡ್ ಮಾಡುವುದಾಗಲಿ ಸಲ್ಲದು. ನಟ್ಟುಗಳನ್ನು ತಯಾರಕರು ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದಲೇ ಕೂರಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಲೋಡಿಲ್ಲದೆ ನಿಧಾನವಾಗಿ ಓಡಿಸಿ ನೋಡಿದ ನಂತರ ಎಣ್ಣೆಯ ಮಟ್ಟ, ಸೋರಿಕೆ, ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿದ ಮೇಲಷ್ಟೇ ಲಾರಿಗೆ ಸರಕು ಹೇರಬೇಕು.