ಹೈದರಾಬಾದಿನ ಕಥೋಲಿಕರ ಒಪ್ಪೊತ್ತು

ಕಥೋಲಿಕ ಧರ್ಮಸಭೆಯಲ್ಲಿ ಉಪವಾಸ ಬೇರೆ, ಮಾಂಸವರ್ಜನೆ ಬೇರೆ. ಉಪವಾಸದ ದಿನ ಹೊಟ್ಟೆ ತುಂಬ ಉಣ್ಣುವುದು ಒಂದೇ ಹೊತ್ತು. ಉಳಿದ ಎರಡು ಹೊತ್ತು ಅಲ್ಪಾಹಾರಕ್ಕೆ ಅಡ್ಡಿಯಿಲ್ಲ. ಮಾಂಸವರ್ಜನೆಯ ದಿನ ಊಟದ ಹೊತ್ತಿಗೆ ಮಿತಿಯಿಲ್ಲ, ಆದರೆ ಕುರಿ, ಕೋಳಿ, ದನದ ಮಾಂಸ ಕೂಡದು. ಮೀನು, ಮೊಟ್ಟೆ, ಹಾಲು ನಡೆಯುತ್ತವೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೂ ಕೂಡಿ ಬರುತ್ತವೆ. ನೀರನ್ನೂ ಮುಟ್ಟದ ರೋಜಾವನ್ನೂ ಫಲಾಹಾರದ ಏಕಾದಶಿಯನ್ನೂ ಬಲ್ಲ ಹೈದರಾಬಾದಿನಲ್ಲಿ ಈ ಮೂರನೆಯ ಬಗೆಯ ವ್ರತ ಬೇರೂರಿದ್ದು ದಂಡಿನ ಜೊತೆಗೆ.

ನಿಜಾಮ ಸಿಕಂದರ್ ಜಾ ಅವರ ಹೆಸರು ಹೊತ್ತ ಸಿಕಂದರಾಬಾದ್ ದಂಡುಪ್ರದೇಶ 1806ರಲ್ಲಿ ನೆಲೆಗೊಂಡಿತು. ಅಲ್ಲಿನ ಪಡೆಗಳಲ್ಲಿ ಐರ್ಲೆಂಡಿನ ಕಥೋಲಿಕ ಸಿಪಾಯಿಗಳಿದ್ದರು. ದಂಡನ್ನು ಹಿಂಬಾಲಿಸಿ ಬಂದ ತಮಿಳು ಕುಟುಂಬಗಳೂ ಇದ್ದವು. ಐರಿಷ್ ಪಾದ್ರಿ ಡೇನಿಯಲ್ ಮರ್ಫಿ ಅವರ ಮುತುವರ್ಜಿಯಿಂದ ಸೇಂಟ್ ಮೇರೀಸ್ ಚರ್ಚು 1850ರಲ್ಲಿ ಎದ್ದಿತು. ಮರುವರ್ಷ ಹೈದರಾಬಾದು ಮದರಾಸಿನಿಂದ ಬೇರ್ಪಟ್ಟು ಪ್ರತ್ಯೇಕ ಆಡಳಿತ ವಿಭಾಗವಾಯಿತು, ಮರ್ಫಿಯವರೇ ಅದರ ಮೊದಲ ಮುಖ್ಯಸ್ಥರಾದರು. ಮುಂದೆ ಹೊಣೆ ಇಟಲಿಯ ಮಿಲಾನ್ ಮಿಷನ್ನಿನ ಪಾದ್ರಿಗಳಿಗೆ ಬಂತು. ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಚರ್ಚು 1875ರಲ್ಲಿ ತೆರೆಯಿತು, 1886ರಲ್ಲಿ ಹೈದರಾಬಾದಿಗೆ ಪೂರ್ಣ ಧರ್ಮಪ್ರಾಂತದ ಸ್ಥಾನ ಸಿಕ್ಕಿತು. ನಿಜಾಮರ ಸೀಮೆಯ ಕನ್ನಡ ಭಾಗದಲ್ಲಿ, ಮುದಗಲ್ಲಿನಲ್ಲಿ, ಗೋವಾದ ಪಾದ್ರಿಗಳ ಕಾಲದ ಕಥೋಲಿಕ ಕೇರಿ ಇದಕ್ಕೂ ಎಷ್ಟೋ ಹಳೆಯದು.

ಸಿಪಾಯಿಗಳ ನಾಡಾದ ಐರ್ಲೆಂಡಿನಲ್ಲಿ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲವೆಂದರೆ ಬಲು ಬಿಗಿ. ಕಟ್ಟುನಿಟ್ಟಿನ ದಿನಗಳಲ್ಲಿ ಹಾಲು ಬೆರೆಸದ ಚಹಾ, ಬೆಣ್ಣೆ ಸವರದ ರೊಟ್ಟಿ, ಅಷ್ಟೇ. ದಂಡಿನಲ್ಲಿ ಅದು ಸುಲಭವಿರಲಿಲ್ಲ. ಸಿಪಾಯಿಯ ಪಡಿಯಲ್ಲಿ ಮಾಂಸ ಖಾಯಂ ಪದಾರ್ಥ. ಕಾಯಿಲೆಯವರು, ಮೈಮುರಿದು ದುಡಿಯುವವರು, ಬಸುರಿಯರು, ಬಾಣಂತಿಯರಿಗೆ ಧರ್ಮಸಭೆ ಹಿಂದಿನಿಂದಲೂ ವಿನಾಯಿತಿ ಕೊಡುತ್ತ ಬಂದಿದೆ. ಮನುಷ್ಯರ ದೇಹಸ್ಥಿತಿ ನೋಡಿ ಸಡಿಲಿಸುವ ಈ ಗುಣವೇ ಕಥೋಲಿಕ ಉಪವಾಸವನ್ನು ಇಷ್ಟು ಕಾಲ ಉಳಿಸಿದೆ ಎನ್ನಬೇಕು.

ಚದುರಿದ್ದ ನಿಯಮಗಳೆಲ್ಲ 1917ರ ಧರ್ಮಸಂಹಿತೆಯಲ್ಲಿ ಒಂದೆಡೆ ಸೇರಿ, ಮರುವರ್ಷದ ಪೆಂತಕೋಸ್ತ ಹಬ್ಬದಿಂದ ಜಾರಿಗೆ ಬಂದವು. ಏಳು ವರ್ಷ ತುಂಬಿದವರಿಗೆಲ್ಲ ಮಾಂಸವರ್ಜನೆ, ಇಪ್ಪತ್ತೊಂದು ತುಂಬಿದವರಿಗೆ ಅರವತ್ತಕ್ಕೆ ಕಾಲಿಡುವವರೆಗೆ ಉಪವಾಸ. ವರ್ಷದ ಎಲ್ಲ ಶುಕ್ರವಾರ ಮಾಂಸವಿಲ್ಲ. ಬೂದಿ ಬುಧವಾರದಿಂದ ಪಾಸ್ಖ ಹಬ್ಬದವರೆಗಿನ 46 ದಿನಗಳಲ್ಲಿ ಆರು ಭಾನುವಾರ ಕಳೆದು ಉಳಿದ ನಲವತ್ತೂ ದಿನ ಒಪ್ಪೊತ್ತು. ಋತುವಿಗೆ ಮೂರರಂತೆ ವರ್ಷಕ್ಕೆ ಹನ್ನೆರಡು ದಿನ ಉಪವಾಸ. ಇದರ ಮೇಲೆ ದೊಡ್ಡ ಹಬ್ಬಗಳ ಮುನ್ನಾದಿನ: ಪೆಂತಕೋಸ್ತ, ಮರಿಯಮ್ಮನವರ ಸ್ವರ್ಗಸ್ವೀಕಾರ, ಸಕಲ ಸಂತರ ಹಬ್ಬ, ಕ್ರಿಸ್‌ಮಸ್. ಹಬ್ಬದೂಟಕ್ಕೆ ಮೊದಲು ಒಂದು ದಿನ ಹಸಿದಿರಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ. ಸಿಕಂದರಾಬಾದಿಗೆ ಇದು ನೇರವಾಗಿ ತಾಗುತ್ತಿತ್ತು. ಸೇಂಟ್ ಮೇರೀಸ್ ಚರ್ಚು ಸ್ವರ್ಗಸ್ವೀಕಾರದ ಮಾತೆಗೆ ಸಮರ್ಪಿತ, ಆ ಹಬ್ಬ ಆಗಸ್ಟ್ 15. ಸಾರ್ವತ್ರಿಕ ನಿಯಮದಂತೆ ಆಗಸ್ಟ್ 14 ಉಪವಾಸದ ದಿನವಾಗಿತ್ತು.

ಇವೆಲ್ಲಕ್ಕಿಂತ ದೇಹಕ್ಕೆ ಹೆಚ್ಚು ತಾಗುತ್ತಿದ್ದ ನಿಯಮ ಇನ್ನೊಂದಿತ್ತು. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಅನ್ನವಿರಲಿ, ನೀರನ್ನೂ ಕುಡಿಯುವಂತಿರಲಿಲ್ಲ. ಬಲಿಪೂಜೆ ಅರ್ಪಿಸುವ ಪಾದ್ರಿಗೂ ಇದೇ ಕಟ್ಟು. ಹಾಗಾಗಿ ಪೂಜೆಗಳೆಲ್ಲ ಬೆಳಗಿನಲ್ಲೇ ಮುಗಿಯಬೇಕಿತ್ತು. ಕ್ರಿಸ್ತರ ಕೊನೆಯ ಭೋಜನದ ನೆನಪಿನ ಪವಿತ್ರ ಗುರುವಾರದ ಪೂಜೆಯೂ ಬೆಳಗ್ಗೆಯೇ ನಡೆಯುತ್ತಿತ್ತು. ಪಾಸ್ಖ ಹಬ್ಬ ಹೆಚ್ಚಾಗಿ ಬರುವುದು ಏಪ್ರಿಲ್‌ನಲ್ಲಿ. ದಖ್ಖನಿನ ಆ ಬಿಸಿಲಲ್ಲಿ ಗಂಟಲು ಒಣಗಿಸಿಕೊಂಡು ಮಕ್ಕಳು, ಮುದುಕರು ಪರಮಪ್ರಸಾದಕ್ಕೆ ಸಾಲು ನಿಲ್ಲುತ್ತಿದ್ದ ಕಾಲವದು. ಲಾಲಾಗುಡದ ರೈಲ್ವೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಈ ನಿಯಮ ಎಷ್ಟು ಕಷ್ಟದ್ದಾಗಿತ್ತೆಂದು ಊಹಿಸಬಹುದು. 1953ರಲ್ಲಿ ಹನ್ನೆರಡನೆಯ ಪಿಯುಸ್ ಪೋಪ್ ನೀರಿಗೆ ಅನುಮತಿ ಕೊಟ್ಟು, ಸಂಜೆಯ ಪೂಜೆಗೂ ದಾರಿ ತೆರೆದರು. 1957ರಲ್ಲಿ ನಡುರಾತ್ರಿಯ ಗಡುವು ಹೋಗಿ ಮೂರು ಗಂಟೆಯ ಉಪವಾಸ ಸಾಕಾಯಿತು. 1964ರಲ್ಲಿ ಆರನೆಯ ಪೌಲ್ ಪೋಪ್ ಅದನ್ನು ಒಂದು ಗಂಟೆಗೆ ಇಳಿಸಿದರು. ಈಗಲೂ ಅದೇ ಇದೆ. ಇಂದು ಕೆಲಸ ಮುಗಿಸಿಕೊಂಡು ಸಂಜೆಯ ಪೂಜೆಗೆ ಬರುವವರಿಗೆ ಆ ಅನುಕೂಲ ಒದಗಿಸಿದ್ದು ಈ ಮೂರು ತಿದ್ದುಪಡಿಗಳು.

ಉಳಿದ ಉಪವಾಸಗಳು ಕರಗಿದ್ದೂ ಇದೇ ಸುಮಾರಿಗೆ. ಎರಡನೆಯ ಮಹಾಯುದ್ಧದ ಅಭಾವದ ದಿನಗಳಲ್ಲಿ, 1941ರಲ್ಲಿ, ಬಹುಪಾಲು ನಿಯಮಗಳನ್ನು ಸಡಿಲಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಸಿಕ್ಕಿತು. ಯುದ್ಧ ಮುಗಿದ ಮೇಲೂ ಹಳೆಯ ಬಿಗಿ ಮರಳಿ ಬರಲಿಲ್ಲ. 1957ರಲ್ಲಿ ಆಗಸ್ಟ್ 14ರ ಉಪವಾಸ ಡಿಸೆಂಬರ್ 7ಕ್ಕೆ, ಅಮಲೋದ್ಭವಿ ಮಾತೆಯ ಹಬ್ಬದ ಮುನ್ನಾದಿನಕ್ಕೆ ವರ್ಗವಾಯಿತು. 1966ರ ಫೆಬ್ರವರಿ 17ರಂದು ಆರನೆಯ ಪೌಲ್ ಪೋಪ್ ಹೊರಡಿಸಿದ ಶಾಸನ ಇಡೀ ಪಟ್ಟಿಯನ್ನೇ ಮೊಟಕುಗೊಳಿಸಿತು. ಆಗ ಹೈದರಾಬಾದಿನಲ್ಲಿ ಮೊದಲ ಮಹಾಧರ್ಮಾಧ್ಯಕ್ಷ ಜೋಸೆಫ್ ಮಾರ್ಕ್ ಗೋಪು ಅವರ ಆಡಳಿತವಿತ್ತು. ಕಡ್ಡಾಯ ಉಪವಾಸಕ್ಕೆ ಉಳಿದದ್ದು ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ. 1983ರ ಹೊಸ ಸಂಹಿತೆ ಇದನ್ನೇ ಎತ್ತಿಹಿಡಿದು, ಉಪವಾಸವನ್ನು ಹದಿನೆಂಟು ತುಂಬಿದವರಿಗೆ, ಮಾಂಸವರ್ಜನೆಯನ್ನು ಹದಿನಾಲ್ಕು ತುಂಬಿದವರಿಗೆ ನಿಗದಿಮಾಡಿತು. ಶುಕ್ರವಾರದ ಮಾಂಸವರ್ಜನೆಗೆ ಬದಲಾಗಿ ಪ್ರಾರ್ಥನೆ, ದಾನಧರ್ಮಗಳನ್ನು ಸೂಚಿಸುವ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಿದೆ.

ಕಾನೂನು ಕಡಿಮೆ ಕೇಳಿದರೂ ಮನೆಗಳು ಹೆಚ್ಚು ಕೊಡುತ್ತವೆ. ತಪಸ್ಸು ಕಾಲದುದ್ದಕ್ಕೂ ಮಾಂಸ ಬಿಡುವವರು, ಮದ್ಯ ಬಿಡುವವರು, ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಯುವವರೆಗೆ ಉಣ್ಣದವರು ತೆಲುಗು, ತಮಿಳು ಕುಟುಂಬಗಳಲ್ಲಿ ಇದ್ದಾರೆ. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕಥೋಲಿಕರ ಲೆಕ್ಕವೇ ಬೇರೆ. ಅವರದು ಪೂರ್ವದೇಶದ ಸಂಪ್ರದಾಯ. 2017ರ ಅಕ್ಟೋಬರ್ 10ರಂದು ಹೈದರಾಬಾದಿನ ಅಂಚಿನ ಶಂಶಾಬಾದಿನಲ್ಲಿ ಅವರಿಗೆಂದೇ ಹೊಸ ಧರ್ಮಪ್ರಾಂತ ಸ್ಥಾಪನೆಯಾಯಿತು. ಐವತ್ತು ದಿನಗಳ ದೊಡ್ಡ ನೋಂಬು (ವ್ರತ) ಅವರಲ್ಲಿ ಆರಂಭವಾಗುವುದು ಸೋಮವಾರ, ಹಣೆಗೆ ಬೂದಿ ಹಚ್ಚುವುದೂ ಅಂದೇ. ಒಂದೇ ನಗರದಲ್ಲಿ ಲ್ಯಾಟಿನ್ ಸಂಪ್ರದಾಯದ ನೆರೆಯವರಿಗಿಂತ ಅವರು ಎರಡು ದಿನ ಮುಂದೆ. ಡಿಸೆಂಬರ್ 1ರಿಂದ ಕ್ರಿಸ್‌ಮಸ್‌ವರೆಗೆ ಇಪ್ಪತ್ತೈದು ದಿನದ ನೋಂಬು, ಸೆಪ್ಟೆಂಬರ್ 1ರಿಂದ 8ರವರೆಗೆ ಮರಿಯಮ್ಮನವರ ಎಂಟು ದಿನದ ನೋಂಬು ಬೇರೆ. ಪವಿತ್ರ ಗುರುವಾರ ರಾತ್ರಿ ಮನೆಯಲ್ಲೇ ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ ರುಬ್ಬಿ, ಹುದುಗಿಸದೆ ಹಬೆಯಲ್ಲಿ ಬೇಯಿಸಿದ ಪೆಸಹಾ ಅಪ್ಪಂ ಸಿದ್ಧವಾಗುತ್ತದೆ. ಗರಿಗಳ ಭಾನುವಾರ ತಂದ ಗರಿಯಿಂದ ಅದರ ಮೇಲೆ ಪುಟ್ಟ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು, ತೆಂಗಿನ ಹಾಲು ಬೆಲ್ಲದ ಪಾನಕದಲ್ಲಿ ಅದ್ದಿ, ಎಲ್ಲರಿಗೂ ಹಂಚುತ್ತಾರೆ. ಮರುದಿನ ಗಂಜಿಯೂಟ.

ಈಚಿನ ವರ್ಷಗಳಲ್ಲಿ ತಪಸ್ಸು ಕಾಲ ಮತ್ತು ರಂಜಾನ್ ಒಂದರ ಮೇಲೊಂದು ಬಂದಿವೆ. 2025ರಲ್ಲಿ ರಂಜಾನ್ ಮಾರ್ಚ್ 2ಕ್ಕೆ ಆರಂಭವಾದರೆ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು. ಸಂಜೆಯಾದರೆ ಊರೆಲ್ಲ ಮಾಂಸದ ಹಲೀಮಿನ ಪರಿಮಳ. ಬೂದಿ ಬುಧವಾರ ಮತ್ತು ಶುಕ್ರವಾರಗಳಲ್ಲಿ ಮಾತ್ರ ಮಾಂಸವರ್ಜನೆ ಪಾಲಿಸುವ ಕಥೋಲಿಕರು ಅದನ್ನು ಮುಟ್ಟುವಂತಿಲ್ಲ. ಎರಡೂ ವ್ರತಗಳಲ್ಲಿ ದಾನ ಉಪವಾಸದ ಭಾಗವೇ. ಊಟ ಕಡಿಮೆ ಮಾಡಿ ಉಳಿಸಿದ್ದನ್ನು ಬಡವರಿಗೆ ಮುಟ್ಟಿಸಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಇಂದು ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ದೇಶದಾದ್ಯಂತ ನಡೆಯುವ ನಿಧಿಸಂಗ್ರಹಕ್ಕೆ ಧರ್ಮಕೇಂದ್ರಗಳು ಆ ಹಣ ಕೂಡಿಸುತ್ತವೆ.

ಮಹೋತ್ಸವದ ದಿನ ಶುಕ್ರವಾರವಾದರೆ ಮಾಂಸವರ್ಜನೆ ಬೇಕಿಲ್ಲ ಎಂಬುದೂ ಸಂಹಿತೆಯಲ್ಲಿದೆ. 2008ರಲ್ಲಿ ಬೆಸಿಲಿಕಾ ಪದವಿ ಪಡೆದ ಸೇಂಟ್ ಮೇರೀಸ್ ಚರ್ಚಿನ ಆಗಸ್ಟ್ 15ರ ಹಬ್ಬ 2025ರಲ್ಲಿ ಶುಕ್ರವಾರವೇ ಬಂದಿತ್ತು. ಅಂದು ಮಾಂಸದೂಟಕ್ಕೆ ನಿಷೇಧವಿರಲಿಲ್ಲ. ಮತ್ತೆ ಹಾಗೆ ಬರುವುದು 2031ರಲ್ಲಿ.