ನಮ್ಮ ಮನೆ ಪಾವಟಿಗೆ ಮ್ಯಾಲೆ ಮರದ ಇಳಿಜಾರು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ದು 2022ರ ಡಿಸೆಂಬರ್‌ನಲ್ಲಿ, ನಿಮಗೆಲ್ಲ ಗೊತ್ತೇ ಇದೆ. ಆಪರೇಷನ್ ಆಯ್ತು, ಗಾಲಿ ಕುರ್ಚಿ ಬಂತು. ಕುರ್ಚಿ ಮನೆ ಒಳಗೆಲ್ಲ ಓಡಾಡ್ತು. ಆದ್ರೆ ತಲೆಬಾಗ್ಲ ಹತ್ರ ಬಂದು ನಿಂತುಬಿಡ್ತು. ಮುಂದೆ ಮೂರು ಪಾವಟಿಗೆ. ಒಂದೊಂದು ಏಳು ಇಂಚು. ಲೆಕ್ಕ ಹಾಕಿದ್ರೆ 21 ಇಂಚು, ಒಂದು ಮೊಳಕ್ಕಿಂತ ಒಂದಿಷ್ಟು ಹೆಚ್ಚು ಅಷ್ಟೇ. ಆ ಒಂದು ಮೊಳ ಇಳಿಯೋಕೆ ಆಗದೆ ನಮ್ಮತ್ತೆ ಹತ್ತು ತಿಂಗಳು ರೋಡು ನೋಡಲಿಲ್ಲ.

ಆಸ್ಪತ್ರೆಗೆ ಹೋಗೋ ದಿನ ನಮ್ಮನೆಯವ್ರು, ಮಗ ಇಬ್ರೂ ಸೇರಿ ಕುರ್ಚಿ ಸಮೇತ ಎತ್ತಿ ಇಳಿಸೋರು. ಅತ್ತೆ ಕಣ್ಣು ಮುಚ್ಕೊಂಡು ಸೆರಗು ಬಿಗಿಯಾಗಿ ಹಿಡ್ಕೊಂಡಿರೋರು. ಒಂದಿನ ನನ್ನ ಹತ್ರ ಅಂದ್ರು, "ನಾಲ್ಕು ಜನ ಎತ್ಕೊಂಡು ಹೋಗೋದು ಒಂದೇ ಸಲ ಕಣವ್ವ. ದಿನಾ ಎತ್ತಿಸ್ಕೊಳ್ಳೋಕೆ ನನಗೆ ನಾಚಿಕೆ ಆಗ್ತದೆ." ಅವತ್ತಿಂದ ನಾನು ಈ ಪಾವಟಿಗೆಗಳನ್ನ ಬೇರೆ ಕಣ್ಣಿಂದ ನೋಡೋಕೆ ಶುರು ಮಾಡ್ದೆ. ಇವು ಇಲ್ಲಿಗೆ ಯಾಕೆ ಬಂದ್ವು, ಯಾರಿಗೋಸ್ಕರ ಬಂದ್ವು ಅಂತ.

ನಾನು ಮದುವೆ ಆಗಿ ಚನ್ನಗಿರಿಗೆ ಬಂದಾಗ ಈ ಮನೆಗೆ ಐದು ಪಾವಟಿಗೆ ಇದ್ವು. ಈಗ ಮೂರು. ಯಾರೂ ಕಿತ್ತು ಹಾಕಿಲ್ಲ, ರೋಡು ನುಂಗಿದೆ. ಮೊದಲು ಮಣ್ಣಿನ ರೋಡು, ಆಮೇಲೆ ಜಲ್ಲಿ ಹಾಕಿ ಟಾರು, ಅದ್ರ ಮ್ಯಾಲೆ ಇನ್ನೊಂದು ಟಾರು, ಈಗ ಕಾಂಕ್ರೀಟು. ಹಳೇದನ್ನ ಅಗೆಯೋದಿಲ್ಲ, ಮ್ಯಾಲೇ ಹಾಕ್ತಾ ಹೋಗ್ತಾರೆ. ನಿಮ್ಮ ನಿಮ್ಮ ಹಳೇ ಕೇರಿಗೆ ಹೋಗಿ ನೋಡ್ರಿ, ಕೆಲವು ಮನೆಗೆ ಈಗ ಹತ್ತೋದಲ್ಲ, ಇಳಿಯೋದೇ ಆಗಿದೆ. ಮಳೆ ಬಂದ್ರೆ ಪಡಸಾಲೆಗೇ ನೀರು. ಇನ್ನೆರಡು ಸಲ ರೋಡು ಹಾಕಿದ್ರೆ ಇಳಿಜಾರೇ ಬೇಕಾಗಲ್ಲ ಅಂತ ನಮ್ಮನೆಯವ್ರು ತಮಾಷೆ ಮಾಡಿದ್ರು.

ಮನೆ ಎತ್ತರಕ್ಕೆ ಕಟ್ಟೋದಕ್ಕೆ ಕಾರಣ ಇತ್ತು. ಹೊನ್ನಾಳಿ ಕಡೆ ತುಂಗಭದ್ರೆ ಉಕ್ಕಿದ್ರೆ ಹೊಳೆ ದಂಡೆ ಮನೆಗಳಿಗೆ ನೀರು ಬರ್ತದೆ, ಅಲ್ಲಿ ಮಗಳನ್ನ ಕೊಟ್ಟಿರೋ ನಮಗೆ ಮಳೆಗಾಲ ಬಂದ್ರೆ ಫೋನು ಮಾಡೋದೇ ಕೆಲಸ. ನ್ಯಾಮತಿಯ ನನ್ನ ತಂಗಿ ಮನೇಲಿ ಹಾವು ಚೇಳು ಬರಬಾರದು ಅಂತ ಕಲ್ಲಿನ ಪಾಯ ಎತ್ತರಿಸಿದ್ರಂತೆ. ನನ್ನ ತವರು ಜಗಳೂರು ಸೀಮೆ, ಅಲ್ಲಿ ಮಳೆನೇ ಕಡಿಮೆ. ಕಲ್ಲು ಮಣ್ಣಿನ ಗೋಡೆ, ಮ್ಯಾಲೆ ಮಣ್ಣಿನ ಮಾಳಿಗೆ, ಬಗ್ಗಿ ಹೋಗೋ ಬಾಗ್ಲು. ನಮ್ಮಪ್ಪನ ಮನೇಲಿ ಎತ್ತು ಎಮ್ಮೆ ಎಲ್ಲ ತಲೆಬಾಗ್ಲಿಂದಾನೇ ಒಳಗೆ ಬರೋವು, ಮೊದಲ ಅಂಕಣ ಅವುಕ್ಕೆ, ಆಚೆ ಅಂಕಣ ನಮಗೆ. ಅದಕ್ಕೇ ಬಾಗ್ಲ ಮುಂದೆ ಪಾವಟಿಗೆ ಇರಲಿಲ್ಲ, ಒಂದು ಅಗಲದ ಹಾಸುಗಲ್ಲು ಓರೆಯಾಗಿ ಹಾಕಿದ್ರು. ದನಕ್ಕೆ ಕಾಲು ಎಡವಬಾರದು ಅಂತ. ನಮ್ಮಜ್ಜಿ ಕೊನೆಗಾಲದಲ್ಲಿ ಕೋಲು ಊರ್ಕೊಂಡು ಅದೇ ಕಲ್ಲಿನ ಮ್ಯಾಲೆ ಇಳಿದು ಬೇವಿನ ಮರದ ಕೆಳಗೆ ಕೂರೋಳು. ದನಕ್ಕೆ ಮಾಡಿದ್ದು ಮುದುಕಿಗೆ ಆಯ್ತು.

ಇನ್ನೊಂದು ಕಾರಣಾನೂ ಹೇಳಿಬಿಡ್ತೀನಿ, ಯಾರೂ ಬೇಜಾರು ಮಾಡ್ಕೋಬ್ಯಾಡ್ರಿ. ಪಾವಟಿಗೆ ನೀರು, ಹಾವು ತಡೆಯೋಕೆ ಮಾತ್ರ ಇರಲಿಲ್ಲ. ಜಗಲಿ ಮ್ಯಾಲೆ ಯಾರು ಕೂರಬೇಕು, ಕೆಳಗೆ ಯಾರು ನಿಂತು ಕೂಲಿ ಇಸ್ಕೋಬೇಕು ಅನ್ನೋದನ್ನ ಈ ಕಲ್ಲುಗಳೇ ಹೇಳ್ತಿದ್ವು. ನಾನು ಬಂದ ಹೊಸದ್ರಲ್ಲಿ ಅಡಿಕೆ ಸುಲಿಯೋಕೆ ಬರೋ ಹೆಂಗಸ್ರು ಎರಡನೇ ಪಾವಟಿಗೆಗಿಂತ ಮ್ಯಾಲೆ ಹತ್ತಿದ್ದು ನೋಡಿಲ್ಲ. ಆಗ ನನಗೆ ಅದು ವಿಚಿತ್ರ ಅನ್ನಿಸಲೂ ಇಲ್ಲ. ಅತ್ತೆನ್ನ ಕರ್ಕೊಂಡು ಬಾಗ್ಲಲ್ಲಿ ನಿಂತಾಗ ಅನ್ನಿಸ್ತು.

ಸಂತೇಬೆನ್ನೂರು ಪುಷ್ಕರಣಿ ನೋಡದೋರು ನಮ್ಮಲ್ಲಿ ಯಾರಿದ್ದಾರೆ? 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ವಸಂತ ಮಂಟಪ, ಸುತ್ತ ಪಾವಟಿಗೆಯೋ ಪಾವಟಿಗೆ. ಎಷ್ಟು ಚಂದ ಅಂದ್ರೆ ಕೂತು ನೋಡ್ತಾ ಇರಬೇಕು. ಆದ್ರೆ ಕಾಲಿಲ್ಲದೋರು ಮ್ಯಾಲೇ ನಿಂತು ನೋಡಬೇಕು. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತೋಕೆ ಆಗದೋರನ್ನ ಡೋಲಿಲಿ ಹೊತ್ಕೊಂಡು ಹೋಗ್ತಾರೆ. ಅಂದ್ರೆ ನಮ್ಮ ಹಿರೇರಿಗೆ ನಡೆಯೋಕಾಗದೋರು ನೆನಪಿರಲಿಲ್ಲ ಅಂತಲ್ಲ, ಹೊರೋಕೆ ಜನ ಇದ್ದಾರೆ ಅಂದ್ಕೊಂಡಿದ್ರು.

ಇಳಿಜಾರು ನಮಗೆ ಗೊತ್ತಿಲ್ಲದ್ದೇನಲ್ಲ. ಕಪಿಲೆ ಬಾವಿ ನೆನಪು ಮಾಡ್ಕೊಳ್ರಿ. ಎತ್ತುಗಳು ಇಳಿಜಾರಲ್ಲಿ ಕೆಳಗೆ ಇಳಿದ್ರೆ ಬಾವಿಯಿಂದ ತೊಗಲಿನ ಚೀಲ ಮ್ಯಾಲೆ ಬರ್ತಿತ್ತು, ಎತ್ತಿನ ಮೈಭಾರಾನೂ ಕೆಲಸಕ್ಕೆ ಬರಲಿ ಅಂತ ಆ ಜಾರು. ಅಡಿಕೆ ಮಂಡಿ, ಅಕ್ಕಿ ಗಿರಣಿಲಿ ಹಮಾಲರು ಲಾರಿಗೆ ಹಲಗೆ ಒರಗಿಸಿ ಅದ್ರ ಮ್ಯಾಲೆ ಮೂಟೆ ಹೊತ್ಕೊಂಡು ಹತ್ತೋದು ಈಗಲೂ ನೋಡಬಹುದು. ಆಮೇಲೆ ಲೂನಾ, ಟಿವಿಎಸ್ ಬಂದ್ವು ನೋಡ್ರಿ, ಊರ ತುಂಬ ಪಾವಟಿಗೆ ನಡುವೆ ಒಂದು ಗೇಣಗಲ ಸಿಮೆಂಟಿನ ಜಾರು ಬಂತು. ರಾತ್ರಿ ಗಾಡಿ ಒಳಗೆ ನಿಲ್ಲಿಸೋಕೆ. ನಮ್ಮ ಕೇರಿಲೇ ಎಣಿಸಿದೆ, ಗಾಡಿಗೆ ಜಾರು ಮಾಡಿರೋ ಮನೆ ಹದಿನಾಲ್ಕು, ಮನುಷ್ಯರಿಗೆ ಮಾಡಿರೋದು ಒಂದೂ ಇಲ್ಲ. ದನಕ್ಕೆ, ಮೂಟೆಗೆ, ಮೋಟಾರಿಗೆ ಹೊಳೆದಿದ್ದು ಅಜ್ಜಿಗೆ ಹೊಳೀಲಿಲ್ಲ.

ಮನುಷ್ಯರಿಗೆ ಅಂತ ಇದು ಕಾಗದದ ಮ್ಯಾಲೆ ಬಂದಿದ್ದೂ ತಡವಾಗೇ. ಪೋಲಿಯೊದಿಂದ ನಡೆಯೋಕಾಗದ ಎನ್.ಎಸ್. ಹೇಮಾ ಅವ್ರು ಬೆಂಗಳೂರಲ್ಲಿ 1959ರಲ್ಲೇ ಅಂಗವಿಕಲರಿಗೋಸ್ಕರ ಎಪಿಡಿ ಸಂಸ್ಥೆ ಶುರು ಮಾಡಿದ್ರು. ಸರ್ಕಾರದ ಕಾಯ್ದೆ ಬಂದಿದ್ದು 1995ಕ್ಕೆ, ಅದ್ರಲ್ಲಿ ಸಾರ್ವಜನಿಕ ಕಟ್ಟಡಕ್ಕೆ ರ‍್ಯಾಂಪ್ ಬೇಕು ಅಂತ ಬರೆದ್ರು. ಬರೆದಿದ್ದು ಬರೆದಂಗೇ ಇತ್ತು. 2001ರ ಜನವರಿಲಿ ದೊಡ್ಡ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಇಂಡಿಯಾಕ್ಕೆ ಬಂದ್ರು. ಮೈಯೆಲ್ಲ ಸ್ವಾಧೀನ ತಪ್ಪಿ ಗಾಲಿ ಕುರ್ಚಿಲೇ ಇದ್ದೋರು. ದೆಹಲಿಲಿ ಕುತುಬ್ ಮಿನಾರ್, ಜಂತರ್ ಮಂತರ್ ನೋಡ್ಬೇಕು ಅಂದ್ರು. ಅಲ್ಲೆಲ್ಲ ಮೆಟ್ಲು. ಆಗ ಜಾವೇದ್ ಅಬಿದಿ ಅನ್ನೋರು, ತಾವೂ ಗಾಲಿ ಕುರ್ಚಿಲಿ ಓಡಾಡೋರು, ಹಟ ಹಿಡಿದು ಪುರಾತತ್ವ ಇಲಾಖೆಯೋರ ಹತ್ರ ಮರದ ಇಳಿಜಾರು ಹಾಕ್ಸಿದ್ರು. ನೂರಾರು ವರ್ಷದ ಕಲ್ಲಿಗೆ ಒಂದು ಮೊಳೇನೂ ಹೊಡೆಯೋ ಹಂಗಿಲ್ಲ, ಅದಕ್ಕೇ ಮರ. ಬೇರೆ ದೇಶದೋರು ಬಂದಾಗ ಆಗೋದು ನಮ್ಮೋರಿಗೆ ಯಾಕೆ ಆಗಲ್ಲ ಅಂತ ಆಮೇಲೆ ಕೇಳೋಕೆ ದಾರಿ ಆಯ್ತು. 2004ರ ಏಪ್ರಿಲ್‌ನಲ್ಲಿ, ಅದೇ ಅಬಿದಿಯವರ ಗುಂಪು ಕೋರ್ಟಿಗೆ ಹೋಗಿದ್ದಕ್ಕೆ, ಮತಗಟ್ಟೆಗಳಿಗೂ ರ‍್ಯಾಂಪ್ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಈಗ ನಮ್ಮ ಊರಿನ ಶಾಲೆಗಳಲ್ಲಿ ಕಾಣೋ ಸಿಮೆಂಟಿನ ಜಾರು, ಕಬ್ಬಿಣದ ಹಿಡಿಕೆ ಎಲ್ಲ ಇದ್ರ ಹಿಂದಿಂದ ಬಂದಿದ್ದು.

ನಾನು ಇದನ್ನೆಲ್ಲ ಓದ್ಕೊಂಡಿದ್ದು ಆಮೇಲೆ. ಮೊದಲು ಮಾಡಿದ್ದು ದಡ್ಡತನ. ಮಗ ಏಳಡಿ ಉದ್ದದ ಎರಡು ಹಲಗೆ ತಂದು ಪಾವಟಿಗೆ ಮ್ಯಾಲೆ ಹಾಸಿದ. ಅತ್ತೆನ್ನ ಕೂರಿಸೋ ಮುಂಚೆ ಕುರ್ಚಿಲಿ 50 ಕೆಜಿ ಅಕ್ಕಿ ಚೀಲ ಇಟ್ಟು ನೋಡೋಣ ಅಂದೆ. ಪುಣ್ಯ. ಅರ್ಧ ಇಳಿಯೋದ್ರಲ್ಲಿ ಕೈ ತಪ್ಪಿ ಕುರ್ಚಿ ಹೋಗಿ ಚರಂಡಿ ಕಲ್ಲಿಗೆ ಬಡೀತು, ಚೀಲ ಒಡೆದು ಅಕ್ಕಿ ಎಲ್ಲ ಚರಂಡಿ ಪಾಲು. ಒಳಗೆ ಕೂತು ಕಿಟಕಿಲಿ ನೋಡ್ತಿದ್ದ ಅತ್ತೆ ಒಂದು ಮಾತೂ ಆಡ್ಲಿಲ್ಲ.

ಬಡಿಗೇರ ಆಚಾರ್ರು ಬಂದು ನೋಡಿ ನಕ್ಕರು. "ಅಮ್ಮಾರೆ, ಎತ್ತರ ನೋಡಿದ್ರಿ, ಉದ್ದ ನೋಡ್ಲಿಲ್ಲ." ಸರ್ಕಾರಿ ಕಟ್ಟಡಕ್ಕೆ ಲೆಕ್ಕ ಏನಂದ್ರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ 21 ಇಂಚಿಗೆ 21 ಅಡಿ ಆಗ್ಬೇಕು. ಹಿಂದೆ ಒಬ್ರು ಗಟ್ಟಿಯಾಗಿ ಹಿಡ್ಕೊಂಡು ಇಳಿಸೋದಾದ್ರೆ ಒಂದಕ್ಕೆ ಎಂಟು ಇದ್ರೂ ನಡೀತದೆ ಅಂದ್ರು, ಅಂದ್ರೆ 14 ಅಡಿ. ನಾವು ಹಾಕಿದ್ದು ಒಂದಕ್ಕೆ ನಾಲ್ಕು! ಇಳಿಜಾರು ಉದ್ದ ಆದಷ್ಟೂ ಶಕ್ತಿ ಕಮ್ಮಿ ಸಾಕು ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿ ನಂಬರು ತಗೊಂಡಿದ್ದೆ ನಾನು.

ಬಾಗ್ಲಿಂದ ಚರಂಡಿಗೆ ಆರೇ ಅಡಿ. ನೇರ ಹಾಕೋ ಹಂಗಿಲ್ಲ. ಪಾವಟಿಗೆ ಮ್ಯಾಲೆ ನಾಲ್ಕಡಿ ಚೌಕದ ಮಟ್ಟಸ ಅಟ್ಟಣೆ ಮಾಡಿ, ಅಲ್ಲಿಂದ ತಿರುಗಿಸಿ ಗೋಡೆಗುಂಟ 14 ಅಡಿ ಇಳಿಸ್ಬೇಕು. ಒಟ್ಟು 18 ಅಡಿ. ನಮ್ಮ ಪಾಲಿನ ಗೋಡೆ 11 ಅಡಿ ಇದೆ. ಮಿಕ್ಕಿದ್ದು ಬಾವನ ಗೋಡೆ.

ಇಲ್ಲಿ ಬಂದು ನಿಂತಿತು ನೋಡ್ರಿ ಕೆಲಸ. ಮನೆ ಪಾಲಾದಾಗಿನಿಂದ ನನಗೂ ಅಕ್ಕನಿಗೂ, ಅಂದ್ರೆ ನಮ್ಮ ದೊಡ್ಡ ನೆಗೆಣ್ಣಿಗೂ, ಮಾತು ಕಮ್ಮಿ. ಹಬ್ಬಕ್ಕೆ ಹೋಳಿಗೆ ಹೋಗೋದು ಬರೋದು ಇತ್ತು, ಮಕ್ಕಳ ಕೈಲಿ. ಅವ್ರ ಬಾಗ್ಲು ಪಕ್ಕದ ಸಂದಿಗೆ, ರೋಡಿನ ಕಡೆ ಬರೀ ಕಿಟಕಿ. ಆದ್ರೂ ಅವ್ರ ಜಾಗ ಅವ್ರದ್ದೇ. ಒಂದು ವಾರ ನಾನು ಅಂದ್ಕೊಂಡು ಅಂದ್ಕೊಂಡು ಕಳೆದೆ. ಆಮೇಲೆ ಒಂದು ಮಧ್ಯಾಹ್ನ ಸಂದಿಗೆ ಹೋಗಿ ಬಾಗ್ಲು ಬಡಿದೆ. "ಅಕ್ಕಾ, ಸಿಮೆಂಟಲ್ಲ, ಮರದ್ದು. ಬೋಲ್ಟ್ ಬಿಚ್ಚಿದ್ರೆ ಎತ್ತಿ ಇಡಬಹುದು. ನೀವು ಬ್ಯಾಡ ಅಂದ ದಿನ ಎತ್ತಿಬಿಡ್ತೀವಿ" ಅಂದೆ. ಅವ್ರು ಸೇರಲ್ಲಿದ್ದ ಅಕ್ಕಿ ಮರಕ್ಕೆ ಸುರಿದು, "ಅತ್ತೆ ನಿನಗೊಬ್ಬಳಿಗೇ ಅತ್ತೆನಾ?" ಅಂದ್ರು. ಸಿಟ್ಟಲ್ಲೇ ಅಂದ್ರು. ಅದೇ ಒಪ್ಪಿಗೆ.

ಮರ ಹೊಸದು ತರಲಿಲ್ಲ. ಹಿತ್ತಲಲ್ಲಿ ಹಳೇ ಮಾಳಿಗೆ ಕೆಡವಿದಾಗಿನ ಮತ್ತಿ ತೊಲೆ ಇದ್ವು, ಪಾಲಾಗುವಾಗ ಅವನ್ನ ಹಂಚ್ಕೊಳ್ಳೋಕೆ ಆಗದೆ ಹಂಗೇ ಬಿಟ್ಟಿದ್ವು. ಆಚಾರ್ರು ಅವನ್ನೇ ಸೀಳಿಸಿ ಕೆಳಗೆ ಮೂರು ಸಾಲು ತೊಲೆ ಕೊಟ್ರು, ಒಂದೊಂದು ಪಾವಟಿಗೆ ಮ್ಯಾಲೂ ಅಳತೆ ನೋಡಿ ಗುಟ್ಟ ಇಟ್ರು. ಮ್ಯಾಲೆ ಅಡ್ಡಕ್ಕೆ ಹಲಗೆ, ನೀರು ಇಳಿಯೋಕೆ ಹಲಗೆ ನಡುವೆ ಸಣ್ಣ ಸಂದು. ಅಗಲ ಮೂರೂವರೆ ಅಡಿ. ಎರಡೂ ಅಂಚಿಗೆ ಎರಡಿಂಚಿನ ಪಟ್ಟಿ, ಗಾಲಿ ಆಚೆ ಹೋಗ್ದಂಗೆ. ರೋಡಿನ ಕಡೆ ಹಿಡ್ಕೊಳ್ಳೋಕೆ ಕಟಾಂಜನ. ಮಳೇಲಿ ಜಾರಬಾರದು ಅಂತ ಬಣ್ಣಕ್ಕೆ ಸಣ್ಣ ಮರಳು ಕಲಸಿ ಹೊಡೆದ್ರು, ಇದನ್ನ ಮಾತ್ರ ಮರೀಬ್ಯಾಡ್ರಿ. ಪಾವಟಿಗೆಯ ಇನ್ನೊಂದು ಅರ್ಧ ಹಂಗೇ ಬಿಟ್ಟಿದೀವಿ, ನಡೆಯೋರು ನಡೀಲಿ.

ಹೊಸ್ತಿಲ ವಿಷಯಕ್ಕೆ ಅತ್ತೆನೇ ಅಡ್ಡ ಬಂದ್ರು. ಅದು ನಾಲ್ಕಿಂಚು ಎತ್ತರ, ಅದ್ರ ಮ್ಯಾಲೂ ಕುರ್ಚಿ ದಾಟಬೇಕಲ್ಲ. "ಹೊಸ್ತಿಲು ಮುಚ್ಚಿದ್ರೆ ಅರಿಶಿನ ಕುಂಕುಮ ಎಲ್ಲಿಗೆ ಹಚ್ತೀಯ?" ಅಂದ್ರು. ಅದಕ್ಕೆ ಒಳಗೊಂದು ಹೊರಗೊಂದು ಬೆಣೆ ತರ ಸಣ್ಣ ಹಲಗೆ ಮಾಡಿಸಿದ್ವಿ, ಒಂದೇ ಕೈಲಿ ಎತ್ತಬಹುದು. ಬೆಳಿಗ್ಗೆ ಎತ್ತಿ ಹೊಸ್ತಿಲು ಸಾರಿಸಿ ಪೂಜೆ ಮಾಡೋದು, ಆಮೇಲೆ ಇಡೋದು. ರಂಗೋಲಿಗೆ ಮೊದಲಿದ್ದಷ್ಟು ಜಾಗ ಇಲ್ಲ, ನಿಜ.

2023ರ ಮೇ ವಿಧಾನಸಭೆ ಚುನಾವಣೆಲಿ ನಮ್ಮ ರಾಜ್ಯದಲ್ಲಿ 80 ದಾಟಿದೋರಿಗೆ ಮನೇಲೇ ಓಟು ಹಾಕೋಕೆ ಬಿಟ್ಟಿದ್ರು. ಅತ್ತೆಗೆ 84. ಅಧಿಕಾರಿಗಳು ಪೆಟ್ಟಿಗೆ ತಂದು ಮರ್ಯಾದೆಯಿಂದ ಹಾಕಿಸ್ಕೊಂಡು ಹೋದ್ರು. ಅವ್ರು ಹೋದ ಮ್ಯಾಲೆ ಅತ್ತೆ, "ಯಾರ ಮುಖಾನೂ ನೋಡ್ದಂಗೆ ಹಾಕಿದ್ದು ಓಟೇನೆ?" ಅಂದಿದ್ರು. ಇಳಿಜಾರು ಆಗಿದ್ದು ಆ ವರ್ಷದ ದಸರಾ ಹೊತ್ತಿಗೆ. 2024ರ ಮೇ 7ಕ್ಕೆ ಲೋಕಸಭೆ ಓಟು ಬಂತು. 85 ಆದೋರಿಗೆ ಈ ಸಲಾನೂ ಮನೇಲೇ ಹಾಕೋ ಅವಕಾಶ ಇತ್ತು, ಅತ್ತೆ ಫಾರಂ ತುಂಬೋಕೆ ಬಿಡಲಿಲ್ಲ. ಬೆಳಿಗ್ಗೆ ಏಳಕ್ಕೆ ಇಳಕಲ್ ಸೀರೆ ಉಟ್ಕೊಂಡು ಕೂತಿದ್ರು. ಹಿಂದೆ ನಾನು ಕುರ್ಚಿ ಹಿಡಿದಿದ್ದೆ, ಮುಂದೆ ಅಕ್ಕ ಹಿಮ್ಮುಖವಾಗಿ ಹೆಜ್ಜೆ ಇಡ್ತಾ ಇಳಿದ್ರು. ಶಾಲೆಗೆ ಹೋಗೋದು ಐದು ನಿಮಿಷದ ದಾರಿ, ನಮಗೆ ಒಂದು ಗಂಟೆ ಆಯ್ತು. ಪ್ರತಿ ಮನೆ ಮುಂದೆ ನಿಲ್ಲಿಸಿ ಮಾತಾಡಿದ್ರು. ಯಾರ್ಯಾರು ಸತ್ತಿದ್ದಾರೆ, ಯಾರ ಮನೆ ಮ್ಯಾಲೆ ಮನೆ ಬಂದಿದೆ, ಎಲ್ಲ ಅವತ್ತೇ ಅವ್ರಿಗೆ ಗೊತ್ತಾಗಿದ್ದು.

ಈಗ ಇಳಿಜಾರಿನ ಕೆಳಗಿನ ತುದಿ, ಅಂದ್ರೆ ಅಕ್ಕನ ಕಿಟಕಿ ಮುಂದಿನ ಏಳಡಿ, ಬಿಸಿಲು ಬಿದ್ರೆ ಸಂಡಿಗೆ ಹಾಕೋ ಜಾಗ ಆಗಿದೆ. ಅತ್ತೆ ಹೊರಗೆ ಬರ್ತಾರೆ ಅಂದ್ರೆ ಮೊದಲು ಅಕ್ಕನ್ನ ಕೂಗಬೇಕು. ಮೊನ್ನೆ ಮಳೆಗೆ ನೆಲ ತಾಗೋ ಕಡೆ ಒಂದು ಹಲಗೆ ಉಬ್ಬಿದೆ, ಗೆದ್ದಲೂ ಹತ್ತಿರಬಹುದು. ಆಚಾರ್ರು ಸೋಮವಾರ ಬರ್ತೀನಿ ಅಂದಿದ್ದಾರೆ. ದುಡ್ಡು ಈ ಸಲ ತಾವು ಕೊಡ್ತೀವಿ ಅಂತ ಬಾವ ಹೇಳಿ ಕಳಿಸಿದ್ದಾರೆ.